ಅಂಜಿಕೆಗೊಂದು ಹಿಮ್ಮೇಳ

ಅಂಜದ ಮನುಷ್ಯನನ್ನು ನಾನು ಕಂಡಿಲ್ಲ. ಕಂಡಿದ್ದೇನೆಂದು ಹೇಳುವವರ ಮಾತನ್ನು ನಂಬಿಯೂ ಇಲ್ಲ. ಗರಡಿಯಲ್ಲಿ ಸಾಮು ಮಾಡಿ ಮೈ ಹುರಿಗೊಳಿಸಿದ ಪೈಲ್ವಾನನು ಸೂಜಿಮದ್ದಿನ ಸೂಜಿಯನ್ನು ಕಂಡು ಕಣ್ಣು ಮುಚ್ಚುವುದುಂಟು. ಸಾವಿರ ಜನರ ಸಭೆಯನ್ನು ಮಂತ್ರಮುಗ್ಧಗೊಳಿಸುವ ವಾಗ್ಮಿಯು ವೇದಿಕೆ ಏರುವ ಮುನ್ನ ಮೂರು ಸಲ ನೀರು ಕುಡಿಯುವುದುಂಟು. ಹಸಿವು ನಿದ್ರೆಗಳಂತೆ ಅಂಜಿಕೆಯೂ ಜೀವದ ಜೊತೆಗೇ ಬಂದ ಧರ್ಮ. ಆದರೂ ಒಂದು ವಿಚಿತ್ರವುಂಟು. ಹಸಿವಾಗಿದೆ ಎನ್ನಲು ಯಾರೂ ನಾಚುವುದಿಲ್ಲ. ಅಂಜಿಕೆಯಾಗಿದೆ ಎನ್ನಲು ಎಲ್ಲರೂ ನಾಚುತ್ತಾರೆ. ಈ ನಾಚಿಕೆಯೇ ಅಂಜಿಕೆಗೆ ನೀರು, ಗೊಬ್ಬರ.

ನಮ್ಮ ಭಾಷೆಯಲ್ಲಿ ಅಂಜಿಕೆಯ ಬಳಗ ಬಲು ದೊಡ್ಡದು. ಹೆದರಿಕೆ, ದಿಗಿಲು, ಅಳುಕು, ಕಳವಳ, ತಳಮಳ, ಆತಂಕ ಎಂಬ ಮಾತುಗಳೆಲ್ಲ ಒಂದೇ ಮನೆತನದವು; ಆದರೆ ಒಂದೊಂದರ ಸ್ವಭಾವ ಒಂದೊಂದು ಬಗೆ. ಹೊಲದ ಬದುವಿನಲ್ಲಿ ಹಾವು ಹೆಡೆಯೆತ್ತಿದಾಗ ಆಗುವುದು ಹೆದರಿಕೆ. ಅಲ್ಲಿ ಹೆದರಿಸುವ ವಸ್ತು ಕಣ್ಣೆದುರಿಗೇ ಇದೆ. ಹಾವು ಹೋದರೆ ಹೆದರಿಕೆಯೂ ಹೋಗುತ್ತದೆ. ಆತಂಕದ ರೀತಿ ಹಾಗಲ್ಲ. ಅದರ ವಸ್ತು ಇನ್ನೂ ಬಂದೇ ಇಲ್ಲ; ಬರುತ್ತದೆಯೋ ಇಲ್ಲವೋ ಎಂಬುದೂ ತಿಳಿಯದು. ಬಾರದ ಹಾವಿಗಾಗಿ ರಾತ್ರಿಯೆಲ್ಲ ದೀಪ ಉರಿಸಿಕೊಂಡು ಕುಳಿತಿರುವುದೇ ಆತಂಕ. ನಾಳೆಯ ಪರೀಕ್ಷೆ, ನಾಡಿದ್ದಿನ ಸಾಲದ ಕಂತು, ಮುಂದಿನ ವರ್ಷದ ಮಳೆ ಇವೆಲ್ಲ ಆ ಬಾರದ ಹಾವುಗಳು.

ಇನ್ನೊಂದು ಮಾತನ್ನು ಗಮನಿಸಬೇಕು. ಕನ್ನಡಿಗರು ಅಂಜಿಕೆಯನ್ನು ಹೇಳುವಾಗ ಮನಸ್ಸಿನ ಹೆಸರನ್ನೇ ಎತ್ತುವುದಿಲ್ಲ. ಮೈಯ ಹೆಸರನ್ನು ಎತ್ತುತ್ತಾರೆ. ಎದೆ ಡವಗುಟ್ಟಿತು, ಕೈಕಾಲು ತಣ್ಣಗಾದವು, ನಾಲಗೆ ಒಣಗಿತು, ಹೊಟ್ಟೆಯಲ್ಲಿ ಕಿವುಚಿದಂತಾಯಿತು ಎನ್ನುತ್ತಾರೆ. ಇದು ಬರಿಯ ಅಲಂಕಾರವಲ್ಲ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವಾಲ್ಟರ್ ಕ್ಯಾನನ್ ಎಂಬ ವಿಜ್ಞಾನಿ ೧೯೧೫ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದರ ಮರ್ಮವನ್ನು ವಿವರಿಸಿದ್ದಾನೆ. ಅಪಾಯದ ಸುಳಿವು ಸಿಕ್ಕೊಡನೆ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳಿಂದ ಅಡ್ರಿನಲಿನ್ ಎಂಬ ರಸ ರಕ್ತಕ್ಕೆ ಸೇರುತ್ತದೆ. ಹೃದಯ ಬೇಗ ಬೇಗ ಬಡಿಯುತ್ತದೆ. ಚರ್ಮದ ಕಡೆಗೂ ಹೊಟ್ಟೆಯ ಕಡೆಗೂ ಹರಿಯುವ ರಕ್ತ ಕಡಿಮೆಯಾಗಿ ದೊಡ್ಡ ಸ್ನಾಯುಗಳ ಕಡೆಗೆ ಹೆಚ್ಚು ಹರಿಯುತ್ತದೆ. ಜೀರ್ಣಕ್ರಿಯೆ ನಿಧಾನವಾಗುತ್ತದೆ, ಬಾಯಿ ಒಣಗುತ್ತದೆ. ಹೋರಾಡುವುದಕ್ಕೆ ಇಲ್ಲವೆ ಓಡುವುದಕ್ಕೆ ದೇಹ ಮಾಡಿಕೊಳ್ಳುವ ಸಿದ್ಧತೆ ಇದು. ಹುಲಿಯೆದುರು ನಿಂತವನಿಗೆ ಇದು ಪ್ರಾಣರಕ್ಷಕ. ಆದರೆ ಪ್ರಶ್ನೆಪತ್ರಿಕೆಯ ಎದುರು ಕುಳಿತ ಹುಡುಗನು ಹೋರಾಡುವುದು ಯಾರೊಡನೆ? ಓಡುವುದು ಎಲ್ಲಿಗೆ? ಹೊರಗೆ ಹೋಗಲಾರದ ಆ ಶಕ್ತಿ ಒಳಗೇ ಸುತ್ತಿ ಸುತ್ತಿ ಬೆರಳುಗಳಲ್ಲಿ ನಡುಕವಾಗುತ್ತದೆ.

ಪಾಶ್ಚಾತ್ಯ ವಿಜ್ಞಾನಿಯು ಪ್ರಯೋಗಶಾಲೆಯಲ್ಲಿ ಕಂಡ ಈ ಚಿಹ್ನೆಗಳನ್ನು ನಮ್ಮ ದೇಶದ ಭರತಮುನಿಯು ಬಹು ಹಿಂದೆಯೇ ರಂಗಭೂಮಿಯ ಮೇಲೆ ಕಂಡಿದ್ದನು. ನಾಟ್ಯಶಾಸ್ತ್ರವು ಎಂಟು ಸಾತ್ತ್ವಿಕ ಭಾವಗಳನ್ನು ಹೇಳುತ್ತದೆ: ಮೈ ಮರಗಟ್ಟುವ ಸ್ತಂಭ, ಬೆವರುವ ಸ್ವೇದ, ಕೂದಲು ನಿಮಿರುವ ರೋಮಾಂಚ, ದನಿ ಒಡೆಯುವ ಸ್ವರಭೇದ, ನಡುಗುವ ವೇಪಥು, ಬಣ್ಣಗೆಡುವ ವೈವರ್ಣ್ಯ, ಕಣ್ಣೀರಿನ ಅಶ್ರು, ಎಚ್ಚರದಪ್ಪುವ ಪ್ರಲಯ. ಬಂದು ಹೋಗುವ ಮೂವತ್ತಮೂರು ವ್ಯಭಿಚಾರಿ ಭಾವಗಳ ಪಟ್ಟಿಯಲ್ಲಿ ಶಂಕೆ, ಚಿಂತೆ, ತ್ರಾಸ ಎಂಬವೂ ಇವೆ. ಪರೀಕ್ಷೆಯ ಕೊಠಡಿಯಲ್ಲಿ ಒಮ್ಮೆ ಕಣ್ಣಾಡಿಸಿದವರಿಗೆ ಈ ಎಂಟರಲ್ಲಿ ಐದಾರಾದರೂ ಕಾಣದೆ ಇರವು. ವ್ಯತ್ಯಾಸ ಇಷ್ಟೇ: ನಮಗೆ ಕರೆಯದೆ ಬರುವುದನ್ನು ನಟನು ಕರೆದು ತರಿಸಿಕೊಳ್ಳುತ್ತಾನೆ, ಕರೆದು ತರಿಸಿಕೊಂಡದ್ದನ್ನು ಕೆಲಸ ಮುಗಿದ ಮೇಲೆ ಕಳುಹಿಸಿಯೂ ಕೊಡುತ್ತಾನೆ. ಈ ವ್ಯತ್ಯಾಸದ ಬೆಲೆ ಎಷ್ಟೆಂಬುದನ್ನು ನನಗೆ ಕಲಿಸಿದುದು ಗ್ರಂಥವಲ್ಲ, ಕಮಲಾಪುರದ ಹತ್ತನೆಯ ತರಗತಿಯ ಮಕ್ಕಳು.

ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಸುಮಾರು ೩೫ ಕಿಲೋಮೀಟರು ಸಾಗಿದರೆ ಕಮಲಾಪುರ ಸಿಗುತ್ತದೆ. ಮಹಾಗಾಂವದವರೆಗೆ ಎರಡೂ ಮಗ್ಗುಲಿಗೆ ತೊಗರಿಯ ಹೊಲಗಳು; ಮುಂದೆ ನೆಲ ಏರಿಳಿಯುತ್ತದೆ. ಕಮಲಾಪುರದ ತಗ್ಗಿನ ತೋಟಗಳಲ್ಲಿ ಬೆಳೆಯುವ ಕೆಂಬಾಳೆ ನಾಡಿಗೆಲ್ಲ ಹೆಸರಾದುದು. ಭೌಗೋಳಿಕ ಗುರುತಿನ ಮಾನ್ಯತೆಯನ್ನೂ ಪಡೆದುದು. ಉಳಿದ ಬಾಳೆಗಳಿಗಿಂತ ಹೆಚ್ಚು ಕಾಲ ಕಾಯಿಸಿ ಗೊನೆ ಬಿಡುವ ಈ ಬಾಳೆಯನ್ನು ಬೆಳೆಯುವವನಿಗೆ ತಾಳ್ಮೆ ಬೇಕು, ನೀರಿನ ಆಸರೆಯೂ ಬೇಕು. ಆ ಆಸರೆ ಇರುವವರು ಕೆಲವರೇ. ಉಳಿದವರೆಲ್ಲ ಮುಗಿಲು ನೋಡಿ ಬಿತ್ತುವ ತೊಗರಿಯವರು. ೨೦೧೮ರಲ್ಲಿ ಕಮಲಾಪುರ ಬೇರೆ ತಾಲ್ಲೂಕಾಯಿತು. ನಾನು ಅಲ್ಲಿಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದಾಗ ಅದಿನ್ನೂ ಕಲಬುರಗಿ ತಾಲ್ಲೂಕಿಗೇ ಸೇರಿತ್ತು. ದಿನವೂ ಬೆಳಗ್ಗೆ ಕಲಬುರಗಿಯಿಂದ ಬಸ್ಸಿನಲ್ಲಿ ಹೋಗಿ ಸಂಜೆ ಮರಳುತ್ತಿದ್ದೆ.

ನಾನು ಹೇಳುತ್ತಿರುವುದು ೨೦೧೫ನೆಯ ವರ್ಷದ ಮಾತು. ಗುಲಬರ್ಗಾ ಎಂಬ ಹೆಸರು ಅಧಿಕೃತವಾಗಿ ಕಲಬುರಗಿ ಎಂದಾಗಿ ವರ್ಷ ತುಂಬುತ್ತಿತ್ತು. ಆ ವರ್ಷ ಮಳೆ ಕೈಕೊಟ್ಟಿತು. ಅಂಗಡಿಯಲ್ಲಿ ತೊಗರಿಬೇಳೆಯ ಬೆಲೆ ಕಿಲೋಗೆ ಇನ್ನೂರು ರೂಪಾಯಿಯ ಹತ್ತಿರ ಹೋಯಿತು. ತೊಗರಿ ಬೆಳೆಯುವವನ ಕಣಜದಲ್ಲಿ ಮಾತ್ರ ಕಾಳಿರಲಿಲ್ಲ. ಇಂಥ ವರ್ಷದಲ್ಲಿ ಹತ್ತನೆಯ ತರಗತಿಗೆ ಬಂದ ಮಕ್ಕಳ ಮುಖವನ್ನು ನೀವು ನೋಡಬೇಕಾಗಿತ್ತು. ಪರೀಕ್ಷೆ ಎಂಬುದು ಅವರಿಗೆ ಬರಿಯ ಪರೀಕ್ಷೆಯಾಗಿರಲಿಲ್ಲ. ಪಾಸಾದರೆ ಕಾಲೇಜು, ಆಗದಿದ್ದರೆ ಗಂಡುಮಕ್ಕಳಿಗೆ ಹೈದರಾಬಾದು, ಪುಣೆ, ಮುಂಬಯಿಗಳ ಕಟ್ಟಡದ ಕೆಲಸ, ಹೆಣ್ಣುಮಕ್ಕಳಿಗೆ ಮದುವೆ. ಮನೆಯವರು ಬಾಯಿಬಿಟ್ಟು ಹೀಗೆಂದು ಹೇಳುತ್ತಿರಲಿಲ್ಲ. ಹೇಳದಿದ್ದರೂ ಮಕ್ಕಳಿಗೆ ತಿಳಿಯುತ್ತಿತ್ತು.

ಅವರಲ್ಲಿ ಒಬ್ಬಳು ಹುಡುಗಿ ಇದ್ದಳು. ಓದಿನಲ್ಲಿ ಚುರುಕು, ಬಾಯಲ್ಲಿ ಕೇಳಿದರೆ ಹಳಗನ್ನಡ ಪದ್ಯದ ಅರ್ಥವನ್ನೂ ತಡವರಿಸದೆ ಹೇಳುವಳು. ಅವಳ ಮನೆತನದಲ್ಲಿ ಹತ್ತನೆಯ ತರಗತಿಯ ಮೆಟ್ಟಿಲು ಹತ್ತಿದವರಲ್ಲಿ ಅವಳೇ ಮೊದಲಿಗಳು. ಅರ್ಧವಾರ್ಷಿಕ ಪರೀಕ್ಷೆಯ ದಿನ ಅವಳು ಮೂರು ತಾಸು ಕುಳಿತು ಬರಿಯ ಉತ್ತರಪತ್ರಿಕೆಯನ್ನು ಮರಳಿಸಿದಳು. ಹೆಸರು, ಕ್ರಮಸಂಖ್ಯೆ ಬಿಟ್ಟರೆ ಅದರಲ್ಲಿ ಏನೂ ಇರಲಿಲ್ಲ. ಏಕಮ್ಮಾ ಎಂದು ಕೇಳಿದೆ. ಬಹಳ ಹೊತ್ತಿನ ಮೇಲೆ, "ಅಕ್ಷರೆಲ್ಲಾ ಇರುವಿ ಹಂಗ ಹರಿದಾಡ್ತಾವ್ರಿ ಸರ್. ಕೈ ನಂದಲ್ಲ ಅನಸ್ತದ" ಎಂದಳು. ಧೈರ್ಯವಾಗಿರು ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಹಸಿದವನಿಗೆ ಹೊಟ್ಟೆ ತುಂಬಿಸಿಕೋ ಎಂದಂತೆ ಅದು ಎನ್ನಿಸಿ ಸುಮ್ಮನಾದೆ.

ಆ ಊರಿನ ಸಮೀಪದ ಹಳ್ಳಿಯಲ್ಲಿ ಬಯಲಾಟ ಕಲಿಸುವ ಒಬ್ಬ ವೃದ್ಧರಿದ್ದರು. ಎಲ್ಲರೂ ಅವರನ್ನು ಮುತ್ಯಾ ಎಂದೇ ಕರೆಯುತ್ತಿದ್ದರು. ಬಯಲಾಟವನ್ನು ನಿಮ್ಮಲ್ಲಿ ಕೆಲವರಾದರೂ ಕಂಡಿರಬಹುದು. ಸುಗ್ಗಿ ಮುಗಿದ ಮೇಲೆ ಊರ ಬಯಲಿನಲ್ಲಿ ಅಟ್ಟ ಕಟ್ಟಿ ರಾತ್ರಿಯಿಡೀ ಆಡುವ ಆಟ ಅದು. ರಾಮಾಯಣ ಮಹಾಭಾರತಗಳ ಕಥೆಗಳೇ ಅದರ ಬಂಡವಾಳ. ಹಗಲು ಕುಂಟೆ ಹೊಡೆದವನು ಇರುಳು ಕಿರೀಟ ಧರಿಸಿ ಕೌರವನಾಗುತ್ತಾನೆ. ಅವನಿಗೆ ಓದು ಬಾರದಿರಬಹುದು. ಅಟ್ಟದ ಮೇಲೆ ನಿಂತ ಅನುಭವವೂ ಇಲ್ಲದಿರಬಹುದು. ಆದರೂ ಸಾವಿರ ಜನರ ಮುಂದೆ ಅವನು ಹಾಡುತ್ತಾನೆ, ಕುಣಿಯುತ್ತಾನೆ, ಅರ್ಥ ಹೇಳುತ್ತಾನೆ. ಇದು ಹೇಗೆ ಸಾಧ್ಯ ಎಂದು ಮುತ್ಯಾನನ್ನು ಕೇಳಿದೆ. ಮಕ್ಕಳ ಅಂಜಿಕೆಯ ವಿಷಯವನ್ನೂ ಹೇಳಿದೆ.

ಅವರು ನಕ್ಕು ಹೇಳಿದರು: "ಆಟದಾಗ ಅಂಜಿಕಿ ಇಲ್ಲದಂವ ಯಾರೂ ಇಲ್ರಿ ಮಾಸ್ತರ. ಅಂಜಿಕಿ ಬರ್ಲಿ. ಆದ್ರ ತಾಳಕ್ಕ ಸರಿಯಾಗಿ ಬರ್ಬೇಕು."

ಆಮೇಲೆ ಬಯಲಾಟದ ಒಳಗುಟ್ಟನ್ನು ಒಂದೊಂದಾಗಿ ಬಿಡಿಸಿದರು. ಪಾತ್ರಧಾರಿಯು ಅಟ್ಟಕ್ಕೆ ಬಂದೊಡನೆ ಅವನನ್ನು ಜನರೆದುರಿಗೆ ಒಂಟಿಯಾಗಿ ಬಿಡುವುದಿಲ್ಲ. ಸಾರಥಿಯು ಎದುರು ನಿಂತು, ಬಂದವರು ಯಾರು, ಊರಾವುದು, ಬಂದ ಕಾರಣವೇನು ಎಂದು ಕೇಳುತ್ತಾನೆ. ಮೊದಲ ಮಾತು ಆಡುವುದೇ ಕಷ್ಟ. ಕೇಳಿದ್ದಕ್ಕೆ ಉತ್ತರ ಹೇಳುವುದು ಅಷ್ಟು ಕಷ್ಟವಲ್ಲ. ಹೆಸರು ಹೇಳುವಷ್ಟರಲ್ಲಿ ದನಿ ಬಂದಿರುತ್ತದೆ. ಇನ್ನು ಹಾಡು. ಪಾತ್ರಧಾರಿಯು ಒಂದು ಸಾಲು ಹಾಡಿದರೆ ಹಿಂದೆ ನಿಂತ ಹಿಮ್ಮೇಳದವರು ಆ ಸಾಲನ್ನು ಎತ್ತಿ ಹಾಡುತ್ತಾರೆ. ಆ ಹೊತ್ತಿನಲ್ಲಿ ಅವನು ಉಸಿರು ತೆಗೆದುಕೊಳ್ಳುತ್ತಾನೆ, ಮುಂದಿನ ಸಾಲನ್ನು ನೆನೆಯುತ್ತಾನೆ, ಕುಣಿತದ ಹೆಜ್ಜೆ ಹಾಕುತ್ತಾನೆ. ಸಾಲು ಮರೆತರೆ? ಹಿಮ್ಮೇಳವು ಹಿಂದಿನ ಸಾಲನ್ನೇ ಇನ್ನೊಮ್ಮೆ ಹಾಡುತ್ತದೆ, ನೆನಪಾಗುವವರೆಗೆ ಹಾಡುತ್ತದೆ. ಮರೆತನೆಂಬುದು ಜನರಿಗೆ ಗೊತ್ತಾಗುವುದೇ ಇಲ್ಲ. ನಡುಗುವ ಕಾಲಿಗೆ ಗೆಜ್ಜೆ ಕಟ್ಟಿ, ಮದ್ದಳೆಯ ಪೆಟ್ಟಿಗೆ ನೆಲ ತುಳಿಸಿದರೆ ನಡುಕವೇ ಕುಣಿತವಾಗುತ್ತದೆ. ಹೀಗೆ ಒಬ್ಬನ ಅಂಜಿಕೆಯನ್ನು ಹತ್ತು ಜನ ಹಂಚಿಕೊಳ್ಳುವ ವ್ಯವಸ್ಥೆಯನ್ನು ನಮ್ಮ ಹಿರಿಯರು ಆಟದ ಕಟ್ಟಿನಲ್ಲಿಯೇ ಇರಿಸಿದ್ದಾರೆ.

ಮುತ್ಯಾನ ಮಾತಿನಿಂದ ನಮ್ಮ ಪ್ರಯತ್ನಕ್ಕೆ ದಾರಿ ಕಂಡಿತು. ಶಾಲೆ ಬಿಟ್ಟ ಮೇಲೆ ಒಂದು ತಾಸು ಉಳಿಯಲು ಒಪ್ಪಿದ ಹದಿನೆಂಟು ಮಕ್ಕಳನ್ನು ಕೂಡಿಸಿದೆ. ಸಿದ್ಧ ನಾಟಕ ಕೊಡಲಿಲ್ಲ. ನಿಮ್ಮ ಅಂಜಿಕೆಯನ್ನೇ ಆಟ ಕಟ್ಟೋಣ ಎಂದೆ. ಮೂರು ಕಟ್ಟಳೆಗಳನ್ನು ಮಾಡಿಕೊಂಡೆವು. ಯಾರೂ ತಮಗೆ ಬೇಕಾದುದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ಯಾರ ಅಂಜಿಕೆಗೂ ಯಾರೂ ನಗಕೂಡದು. ಒಬ್ಬರು ಮುಂದೆ ನಿಂತಾಗ ಇನ್ನೊಬ್ಬರು ಹಿಂದೆ ನಿಂತಿರಲೇಬೇಕು.

ಮೊದಲ ಎರಡು ದಿನ ಮೌನವೇ ಹೆಚ್ಚು. ಮೂರನೆಯ ದಿನ ಮುತ್ಯಾ ಮದ್ದಳೆ ತಂದರು. "ನಿನ್ನ ಎದಿ ಹ್ಯಾಂಗ ಬಡೀತದ, ಬಾರಿಸಿ ತೋರಸು" ಎಂದು ಒಬ್ಬ ಹುಡುಗನ ಮುಂದೆ ಅದನ್ನು ಸರಿಸಿದರು. ಅವನು ಹಿಂಜರಿಯುತ್ತ ಬೆರಳುಗಳಿಂದ ಬಡಿದ. ಇನ್ನೊಬ್ಬನು, ನನ್ನದು ಹಾಗಲ್ಲ, ಹೀಗೆ ಎಂದು ಬೇರೊಂದು ಲಯ ಬಾರಿಸಿದ. ಅರ್ಧ ತಾಸಿನಲ್ಲಿ ಹದಿನೆಂಟು ಎದೆಗಳ ಬಡಿತವೂ ಆ ಮದ್ದಳೆಯ ಮೇಲೆ ಕೇಳಿಸಿತು. ಅಂದು ಮಕ್ಕಳ ಮುಖದಲ್ಲಿ ನಾನು ಕಂಡ ಆಶ್ಚರ್ಯವನ್ನು ಮರೆಯಲಾರೆ. ಪ್ರತಿಯೊಬ್ಬರೂ ತಮ್ಮೊಬ್ಬರ ಎದೆ ಮಾತ್ರ ಹೀಗೆ ಬಡಿಯುತ್ತದೆಂದು ತಿಳಿದಿದ್ದರು. ಪಕ್ಕದ ಗೆಳೆಯನ ಎದೆಯೂ, ತರಗತಿಗೆ ಮೊದಲಿಗನಾದವನ ಎದೆಯೂ ಹಾಗೆಯೇ ಬಡಿಯುತ್ತದೆಂಬುದು ಅವರಿಗೆ ಹೊಸ ಸುದ್ದಿಯಾಗಿತ್ತು.

ಅಲ್ಲಿಂದ ಮುಂದೆ ಆಟ ತಾನಾಗಿಯೇ ಬೆಳೆಯಿತು. ಆತಂಕರಾಜ ಎಂಬೊಬ್ಬ ದೊರೆ. ಅವನ ಕಾಟವನ್ನು ತಾಳಲಾರದೆ ಎದೆ, ನಾಲಗೆ, ಹೊಟ್ಟೆ, ಕೈ, ನಿದ್ದೆ ಇವರೆಲ್ಲ ಸಾರಥಿಯ ಬಳಿಗೆ ದೂರು ಒಯ್ಯುತ್ತಾರೆ. ರಟ್ಟಿಗೆ ಬೇಗಡೆ ಅಂಟಿಸಿ ರಾಜನಿಗೆ ಕಿರೀಟ ಮಾಡಿದರು. ಅದನ್ನು ಬೇಕೆಂದೇ ದೊಡ್ಡದಾಗಿ ಮಾಡಿದರು. ಗಳಿಗೆಗೊಮ್ಮೆ ಅದು ಜಾರಿ ರಾಜನ ಕಣ್ಣನ್ನೇ ಮುಚ್ಚುತ್ತಿತ್ತು. ರಾಜನು ಮೊದಲ ಸಲ ಪ್ರವೇಶಿಸಿದಾಗ ಸಾರಥಿಯು ಬಯಲಾಟದ ಗತ್ತಿನಲ್ಲಿ ಕೇಳುವನು:

"ಭಲಾ! ಬಂದಂಥ ತಾವು ಯಾರು? ತಮ್ಮ ನಾಮಾಂಕಿತವೇನು? ವಾಸಿಸುವ ಪಟ್ಟಣ ಯಾವುದು?"

"ಎಲೈ ಸಾರಥಿ, ನಾನು ವಾಸಿಸುವ ಪಟ್ಟಣ ನಾಳೆ. ನನ್ನ ನಾಮಾಂಕಿತ ಹಂಗಾದ್ರ-ಹ್ಯಾಂಗ."

"ದೊರೆಯೇ, ಇಂದು ಎಂಬ ನಮ್ಮ ಊರಿಗೆ ಎಂದಾದರೂ ಬಂದಿರುವಿರೋ?"

"ಇಲ್ಲ ಸಾರಥಿ. ಆ ಊರಿನಲ್ಲಿ ನನಗೆ ಮನೆಯಿಲ್ಲ."

ಈ ಮಾತುಗಳನ್ನು ನಾನು ಬರೆದುಕೊಟ್ಟುದಲ್ಲ. ತಾಲೀಮಿನಲ್ಲಿ ಮಕ್ಕಳು ತಾವೇ ಆಡಿದವು. ಆತಂಕಕ್ಕೆ ಇದಕ್ಕಿಂತ ಚೆನ್ನಾದ ಲಕ್ಷಣವನ್ನು ನಾನು ಯಾವ ಗ್ರಂಥದಲ್ಲಿಯೂ ಓದಿಲ್ಲ. ಆ ಹುಡುಗಿಯು ಮೊದಲು ಹಿಮ್ಮೇಳದಲ್ಲಿ ನಿಂತಳು. ಮೂರನೆಯ ವಾರ, ಯಾರೂ ಕೇಳದಿದ್ದರೂ, ಕೈ ಎಂಬ ಪಾತ್ರವನ್ನು ತಾನು ಮಾಡುವೆನೆಂದಳು.

ಶಾಲೆಯ ಅಂಗಳದಲ್ಲಿ ಒಂದು ಸಂಜೆ ಆಟವಾಯಿತು. ತಾಯಿ ತಂದೆಯರು ಬಂದು ಕುಳಿತರು. ಕಿರೀಟ ಜಾರಿದಾಗಲೆಲ್ಲ ನಗು. ನಿದ್ದೆಯ ಪಾತ್ರದ ಹುಡುಗನು, ರಾತ್ರಿ ಅಪ್ಪ ಅವ್ವ ಸಾಲದ ಮಾತು ಆಡುವಾಗ ತಾನು ಮಲಗಿದಂತೆ ನಟಿಸುವುದನ್ನು ಆಡಿ ತೋರಿಸಿದಾಗ ಅಂಗಳ ಸ್ತಬ್ಧವಾಯಿತು. ಆಟ ಮುಗಿದ ಮೇಲೆ ರುಮಾಲು ಸುತ್ತಿದ ಒಬ್ಬ ರೈತನು ಎದ್ದು ನಿಂತು, "ನಿಮ್ಮ ರಾಜಾ ನಮ್ಮ ಮನ್ಯಾಗೂ ಅದಾನ್ರಿ ಮಾಸ್ತರ. ನಮಗ ಅಂವ ಪರೀಕ್ಷಿ ಕೇಳಂಗಿಲ್ಲ, ಮಳಿ ಕೇಳ್ತಾನ. ನಮ್ಮದೂ ಒಂದು ಹಾಡು ಹಚ್ಚರಿ" ಎಂದನು. ಮುಂದಿನ ವಾರ ನಾಲ್ವರು ರೈತರು ಭಜನೆಯ ತಾಳ, ದಮ್ಮಡಿ ಹಿಡಿದು ತಾಲೀಮಿಗೆ ಬಂದರು. ಮುಗಿಲು ಎಂಬ ಹೊಸ ಪಾತ್ರ ಹುಟ್ಟಿತು. ಮಕ್ಕಳ ಹಿಂದೆ ತಂದೆಯರು ಹಿಮ್ಮೇಳವಾಗಿ ನಿಂತರು. ಮನೆಯಲ್ಲಿ ಒಬ್ಬರಿಂದೊಬ್ಬರು ಮುಚ್ಚಿಟ್ಟುಕೊಂಡ ಅಂಜಿಕೆಗಳು ಅಲ್ಲಿ ಒಂದೇ ತಾಳಕ್ಕೆ ಕೂಡಿದವು.

ಎಲ್ಲವೂ ಸುಖಾಂತವಾಯಿತೆಂದು ನಾನು ಹೇಳಲಾರೆ. ಆಟದಿಂದ ಮಳೆ ಬರಲಿಲ್ಲ. ನವೆಂಬರಿನಲ್ಲಿ ನಿದ್ದೆಯ ಪಾತ್ರದ ಹುಡುಗನ ಕುಟುಂಬ ದುಡಿಮೆ ಹುಡುಕಿಕೊಂಡು ಪುಣೆಗೆ ಹೋಯಿತು, ಅವನೂ ಹೋದನು. ಅವನ ಮಾತುಗಳನ್ನು ಉಳಿದವರು ಹಂಚಿಕೊಂಡರು. ಅವನು ನಿಲ್ಲುತ್ತಿದ್ದ ಜಾಗವನ್ನು ಮಾತ್ರ ಯಾರೂ ತುಂಬಲಿಲ್ಲ. ಆ ಜಾಗ ಬರಿದಾಗಿಯೇ ಇರಲಿ ಎಂದು ಮಕ್ಕಳೇ ತೀರ್ಮಾನಿಸಿದರು. ಸಾರಥಿಯು ಆ ಬರಿಯ ಜಾಗದ ಕಡೆ ತಿರುಗಿ, ನಿದ್ದೆ ಎಲ್ಲಿ ಎಂದು ಕೇಳುವನು, ಹಿಮ್ಮೇಳದವರು ಸುಮ್ಮನಿರುವರು. ಇಡೀ ಆಟದಲ್ಲಿ ಅತ್ಯಂತ ತೀವ್ರವಾದ ಗಳಿಗೆ ಅದೇ ಆಗಿತ್ತು.

ಡಿಸೆಂಬರಿನಲ್ಲಿ ಕಲಬುರಗಿ ನಗರದಲ್ಲಿ ಆಟ ತೋರಿಸುವ ಅವಕಾಶ ಬಂದಿತು. ಚಿತ್ರಕಲಾವಿದ ಡಾ. ಎಸ್. ಎಂ. ಪಂಡಿತರ ಹೆಸರಿನ ರಂಗಮಂದಿರ ಅದು. ಪಂಡಿತರು ೧೯೧೬ರಲ್ಲಿ ಕಲಬುರಗಿಯಲ್ಲಿ ಹುಟ್ಟಿ, ಪುರಾಣದ ಚಿತ್ರಗಳಿಂದ ದೇಶದಲ್ಲೆಲ್ಲ ಹೆಸರಾದವರು. ಬಸ್ಸಿನಲ್ಲಿ ಬಂದಿಳಿದ ಮಕ್ಕಳು ಮೊದಲು ಶರಣಬಸವೇಶ್ವರರ ಗುಡಿಗೆ ಹೋಗಿ ಕೈಮುಗಿದರು. ಕೆರೆಯ ದಂಡೆಯಲ್ಲಿ ಕುಳಿತು ಕಟ್ಟಿಕೊಂಡು ಬಂದ ರೊಟ್ಟಿ, ಶೇಂಗಾ ಹಿಂಡಿ ತಿಂದರು. ಊರಿನಲ್ಲಿ ಚೆಂದವಾಗಿ ಆಡಿದವರಿಗೆ ಇಲ್ಲಿಯ ದೀಪಗಳು, ಸಾಲು ಸಾಲು ಕುರ್ಚಿಗಳು, ಅಪರಿಚಿತ ಮುಖಗಳು ಹೊಸವು. ಪರದೆಯ ಹಿಂದೆ ಎಲ್ಲರ ಕೈಗಳೂ ತಣ್ಣಗಾಗಿದ್ದವು. ಮುತ್ಯಾ ಒಬ್ಬೊಬ್ಬರ ಅಂಗೈಯನ್ನು ತಮ್ಮ ಕೈಯಲ್ಲಿ ಹಿಡಿದು ನೋಡಿ, "ರಾಜಾ ಬಂದಾನ. ಛಲೋ ಆತು, ಆಟ ಸುರು ಮಾಡ್ರಿ" ಎಂದರು.

ಕೈಯ ಪಾತ್ರದ ಹುಡುಗಿ ಮುಂದೆ ಬಂದಳು. ಮೊದಲ ಸಾಲು ಹಾಡಿದಳು. ಎರಡನೆಯ ಸಾಲು ಬರಲಿಲ್ಲ. ಅವಳ ಬಲಗೈ ಮೊಳಕೈಯವರೆಗೆ ಗಡಗಡನೆ ನಡುಗುವುದು ಹಿಂದಿನ ಸಾಲಿನಲ್ಲಿದ್ದ ನನಗೂ ಕಾಣಿಸುತ್ತಿತ್ತು. ಹಿಮ್ಮೇಳವು ಮೊದಲ ಸಾಲನ್ನು ಎತ್ತಿಕೊಂಡಿತು. ಒಮ್ಮೆ ಹಾಡಿತು, ಅವಳು ನಿಂತೇ ಇದ್ದಳು. ಎರಡನೆಯ ಸಲ ಹಾಡಿತು; ಅವಳು ನಡುಗುವ ಕೈಯನ್ನು ಮೆಲ್ಲಗೆ ಮೇಲೆತ್ತಿ ಜನರಿಗೆ ತೋರಿಸಿದಳು. ಮದ್ದಳೆ ಆ ನಡುಕದ ಜೊತೆಗೂಡಿತು. ಮೂರನೆಯ ಸಲ ಹಾಡುವಾಗ ಅವಳ ಕಾಲು ತಾಳ ಹಿಡಿಯಿತು, ಎರಡನೆಯ ಸಾಲು ಬಂದಿತು. ಎಂಥ ಅಭಿನಯ ಎಂದು ಸಭೆ ಚಪ್ಪಾಳೆ ತಟ್ಟಿತು.

ಮರಳುವ ಬಸ್ಸಿನಲ್ಲಿ ಅವಳು ನನ್ನ ಹತ್ತಿರ ಬಂದು ಹೇಳಿದಳು: "ಸರ್, ಅದು ಆಟ ಇದ್ದಿಲ್ರಿ. ಖರೇನೇ ನಡುಗ್ಲಕತ್ತಿತ್ತು. ಆದ್ರ ನಡುಗ್ಲಿಕ್ಕೇ ಅಲ್ರಿ ನಾ ಅಲ್ಲಿ ನಿಂತಿದ್ದು?"

ಈ ಪ್ರಶ್ನೆಯಲ್ಲಿ ಇಡೀ ನಾಟ್ಯಶಾಸ್ತ್ರದ ಒಂದು ಪಾಠ ಅಡಗಿದೆ ಎಂದು ನನಗೆ ತೋರಿತು. ತರಗತಿಯಲ್ಲಿ ಮುಚ್ಚಿಡಬೇಕಾದ ಅವಮಾನವಾಗಿದ್ದ ನಡುಕವು ರಂಗದ ಮೇಲೆ ಎಲ್ಲರಿಗೂ ತೋರಿಸಬಹುದಾದ ಕೆಲಸವಾಯಿತು. ಮುಚ್ಚಿಡುವ ಶ್ರಮ ತಪ್ಪಿದೊಡನೆ ಅರ್ಧ ಭಾರ ಇಳಿಯಿತು. ಉಳಿದರ್ಧವನ್ನು ಹಿಮ್ಮೇಳ ಹೊತ್ತಿತು. ಮರುವರ್ಷದ ಪರೀಕ್ಷೆಯಲ್ಲಿಯೂ ಅವಳ ಕೈ ನಡುಗಿತಂತೆ. ಅವಳು ಮೇಜಿನ ಕೆಳಗೆ ಕಾಲ್ಬೆರಳಿನಿಂದ ತಾಳ ಹಾಕುತ್ತ ಸ್ವಲ್ಪ ಹೊತ್ತು ಕಾದಳಂತೆ, ಆಮೇಲೆ ಬರೆದಳಂತೆ. ಅವಳು ಮೊದಲ ದರ್ಜೆಯಲ್ಲಿ ಬರಲಿಲ್ಲ. ಎಲ್ಲ ವಿಷಯಗಳಲ್ಲಿಯೂ ಉತ್ತೀರ್ಣಳಾದಳು. ಅವಳ ಉತ್ತರಪತ್ರಿಕೆ ಬರಿದಾಗಿರಲಿಲ್ಲ.

ಒಟ್ಟುಗೂಡಿ ಆಡುವ ಆಟದಿಂದ ಒಳಗಿನ ಅಂಜಿಕೆಯನ್ನು ಅರಿಯುವ ಈ ದಾರಿಯನ್ನು ಜಗತ್ತಿನ ಬೇರೆ ಬೇರೆ ಕಡೆಗಳಲ್ಲಿ ಬೇರೆ ಬೇರೆಯವರು ತುಳಿದಿದ್ದಾರೆ. ಗ್ರೀಸಿನ ಅರಿಸ್ಟಾಟಲನು ದುರಂತನಾಟಕವು ಕರುಣೆ ಭೀತಿಗಳನ್ನು ಎಬ್ಬಿಸಿ ಅವುಗಳಿಂದಲೇ ಮನಸ್ಸನ್ನು ಹಗುರಗೊಳಿಸುತ್ತದೆ ಎಂದು ಬಗೆದನು. ವಿಯೆನ್ನಾ ನಗರದ ವೈದ್ಯ ಮೊರೆನೊ ೧೯೨೦ರ ದಶಕದಲ್ಲಿ, ಬರೆದಿಟ್ಟ ಮಾತಿಲ್ಲದೆ ಆ ಗಳಿಗೆಯಲ್ಲಿ ಹುಟ್ಟುವ ನಾಟಕವನ್ನು ಬೆಳೆಸಿದನು. ರೋಗಿಗಳು ತಮ್ಮ ಸಂಕಟವನ್ನು ಇತರರೊಡನೆ ಆಡಿ ತೋರಿಸುವ ಚಿಕಿತ್ಸೆ ಅದರಿಂದ ರೂಪುಗೊಂಡಿತು. ಬ್ರೆಜಿಲಿನ ಅಗಸ್ಟೊ ಬೋಲ್ ೧೯೭೦ರ ದಶಕದಲ್ಲಿ, ಪ್ರೇಕ್ಷಕನೇ ಎದ್ದು ಬಂದು ಪಾತ್ರ ವಹಿಸಿ ಕಥೆಯ ದಾರಿಯನ್ನು ಬದಲಿಸಬಹುದಾದ ನಾಟಕ ಪದ್ಧತಿಯನ್ನು ತಂದನು. ಶಾಲೆಯ ಅಂಗಳದಲ್ಲಿ ಎದ್ದು ನಿಂತ ನಮ್ಮ ರೈತನು ಬೋಲನ ಹೆಸರನ್ನು ಕೇಳಿದವನಲ್ಲ. ಆದರೂ ಅವನು ಮಾಡಿದುದು ಅದನ್ನೇ. ನಮ್ಮ ರಾಜ್ಯದಲ್ಲಿಯೇ ರಂಗಾಯಣದ ಕಲಾವಿದರಾಗಿದ್ದ ಹುಲುಗಪ್ಪ ಕಟ್ಟಿಮನಿಯವರು ಸೆರೆಮನೆಯ ಕೈದಿಗಳಿಂದ ನಾಟಕ ಆಡಿಸಿದರು. ಶೇಕ್ಸ್‌ಪಿಯರನ ಮ್ಯಾಕ್‌ಬೆತ್ ನಾಟಕವನ್ನು ಎಚ್. ಎಸ್. ಶಿವಪ್ರಕಾಶರು ಕನ್ನಡದ ನೆಲಕ್ಕೆ ಒಗ್ಗಿಸಿ ಬರೆದುದನ್ನು ಆ ಕೈದಿಗಳು ಅಭಿನಯಿಸಿದರು. ಕೊಲೆ ಮಾಡಿದವನನ್ನು ಇರುಳೆಲ್ಲ ಕಾಡುವ ಭೀತಿಯ ಕಥೆ ಅದು. ಆ ಮಾತುಗಳನ್ನು ಆಡಿದವರ ಎದೆಯಲ್ಲಿ ಏನೇನು ನಡೆದಿರಬಹುದೆಂಬುದನ್ನು ನೀವೇ ಊಹಿಸಿಕೊಳ್ಳಿ.

ಆದರೆ ಆಟವೊಂದೇ ಎಲ್ಲಕ್ಕೂ ಮದ್ದೆಂದು ತಿಳಿಯಬಾರದು. ಬಂದು ಹೋಗುವ ಅಂಜಿಕೆ ಒಂದು. ಬಂದು ಮನೆ ಮಾಡಿಕೊಂಡು ಕೂಡುವ ಅಂಜಿಕೆ ಇನ್ನೊಂದು. ವಾರಗಟ್ಟಲೆ ನಿದ್ದೆ ಬಾರದೆ, ಅನ್ನ ಸೇರದೆ, ಶಾಲೆಗೆ ಹೋಗುವುದೇ ಬೇಡವೆನ್ನಿಸಿದರೆ, ಬದುಕೇ ಸಾಕೆನ್ನಿಸಿದರೆ, ಅದನ್ನು ಅಪ್ಪ ಅವ್ವನಿಗೋ, ನಿಮ್ಮ ಮಾತನ್ನು ತಾಳ್ಮೆಯಿಂದ ಕೇಳುವ ಶಿಕ್ಷಕರಿಗೋ ತಡಮಾಡದೆ ಹೇಳಬೇಕು, ವೈದ್ಯರಿಗೆ ತೋರಿಸಬೇಕು. ಜ್ವರ ಬಂದಾಗ ಆಸ್ಪತ್ರೆಗೆ ಹೋಗಲು ನಾಚುತ್ತೇವೆಯೇ? ೨೦೨೨ರ ಅಕ್ಟೋಬರಿನಲ್ಲಿ ಭಾರತ ಸರ್ಕಾರವು ಟೆಲಿ ಮಾನಸ್ ಎಂಬ ಸೇವೆಯನ್ನು ಆರಂಭಿಸಿತು. ೧೪೪೧೬ ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಹಗಲಿರುಳೂ ಯಾರಾದರೂ ಓಗೊಡುತ್ತಾರೆ. ಕನ್ನಡದಲ್ಲಿಯೂ ಮಾತಾಡಬಹುದು, ಹಣ ಕೊಡಬೇಕಾಗಿಲ್ಲ. ಅದೂ ಒಂದು ಹಿಮ್ಮೇಳವೇ.

ಇಂದು ಕಲಬುರಗಿಯಲ್ಲಿ ರಂಗಾಯಣವಿದೆ. ಹಳ್ಳಿಗಳಲ್ಲಿ ಬಯಲಾಟದ ಮೇಳಗಳು ಹಿಂದಿನಷ್ಟಿಲ್ಲದಿದ್ದರೂ ಉಳಿದಿವೆ. ಮುತ್ಯಾ ಈಗಿಲ್ಲ. ಅವರು ಹಾಡಿಸಿದ ಹಾಡುಗಳು ಆ ಹದಿನೆಂಟು ಮಕ್ಕಳಲ್ಲಿ ಎಷ್ಟು ಮಂದಿಗೆ ನೆನಪಿವೆಯೋ ನಾನರಿಯೆ. ಆದರೆ ಹಾಡು ಮರೆತವರಿಗೂ, ಸಾಲು ತಪ್ಪಿದಾಗ ಹಿಂದಿನಿಂದ ಕೇಳಿ ಬಂದ ದನಿಗಳು ಮರೆತಿರಲಾರವು.

ಮುಂದಿನ ವರ್ಷ ನೀವೂ ಹತ್ತನೆಯ ತರಗತಿಯ ಅಟ್ಟ ಏರುವವರು. ಆತಂಕರಾಜನು ನಿಮ್ಮಲ್ಲಿಗೂ ಬರುತ್ತಾನೆ. ಬಾರದಂತೆ ಬಾಗಿಲು ಹಾಕುವುದು ಯಾರಿಂದಲೂ ಆಗದು. ಬಂದಾಗ ಸಾರಥಿಯಂತೆ ಎದುರು ನಿಂತು, ನಿನ್ನ ಹೆಸರೇನು, ಊರಾವುದು ಎಂದು ಕೇಳಿರಿ. ಅವನ ಊರು ನಾಳೆ ಎಂಬುದನ್ನು ಅವನ ಬಾಯಿಂದಲೇ ಹೇಳಿಸಿರಿ. ಅದಕ್ಕಿಂತಲೂ ಮುಖ್ಯವಾಗಿ, ನಿಮ್ಮ ಸಾಲಿನ ಕೊನೆಯ ಮಣೆಯ ಮೇಲೆ ಕುಳಿತವನ ದನಿ ಎಂದಾದರೂ ಒಡೆದರೆ, ಓದಲು ಎದ್ದು ನಿಂತವಳಿಗೆ ಮುಂದಿನ ಮಾತು ತೋಚದಿದ್ದರೆ, ನಗಬೇಡಿರಿ. ಅವರು ನಿಲ್ಲಿಸಿದ ಸಾಲನ್ನು ಎತ್ತಿಕೊಂಡು ಇನ್ನೊಮ್ಮೆ ಹಾಡಿರಿ. ಅವರಿಗೆ ನೆನಪಾಗುವವರೆಗೆ ಹಾಡಿರಿ.